ಕೊನೆಯಿಂದ ಮೊದಲಿಗೆ

ಸಿಪಾಯಿಗಳಾದ ನಮ್ಮ ಕಣ್ಣಿಗೆ ವಿಆರ್ ಕನ್ನಡಕ ತೊಡಿಸಿ ನೆನಪಿನ ಶಕ್ತಿ ಬೆಳೆಸುವ ಮೇಷ್ಟ್ರಿಗೆ ತಮ್ಮ ಸ್ವಂತ ಕನ್ನಡಕ ಎಲ್ಲಿದೆಯೆಂದು ಮಾತ್ರ ಒಂದು ದಿನವೂ ನೆನಪಿರುವುದಿಲ್ಲ. ಅದು ಅವರ ಹಣೆಯ ಮೇಲೇ ಇರುತ್ತದೆ. ವಿಆರ್ ಒಳಗೊಂದು ಬೀದಿ, ಅದರಲ್ಲಿ ಬಣ್ಣಬಣ್ಣದ ಕಿಟಕಿಗಳು ಒಂದೊಂದಾಗಿ ಬೆಳಗುತ್ತವೆ. ಬೀದಿ ಮುಗಿದ ಮೇಲೆ ಆ ಬಣ್ಣಗಳನ್ನು ಕೊನೆಯಿಂದ ಮೊದಲಿಗೆ ಒಪ್ಪಿಸಬೇಕು. ಅಷ್ಟರಲ್ಲಿ ಮೇಷ್ಟ್ರು ಕಿವಿಯ ಹತ್ತಿರ ಬಂದು, "ನಿಮ್ಮತ್ತೆ ಹೇಗಿದಾರಯ್ಯಾ?" ಎಂದು ಕೇಳುತ್ತಾರೆ. ತಪ್ಪಿದರೆ, "ಯುದ್ಧದಲ್ಲಿ ನಿನಗೋಸ್ಕರ ಯಾರೂ ಸುಮ್ನಿರಲ್ಲ, ಮತ್ತೆ ಹೇಳು!" ಎಂದು ಗದರಿ, ತಮ್ಮ ಚಹಾದ ಲೋಟ ಹುಡುಕಲು ಇಡೀ ತುಕಡಿಯನ್ನೇ ಓಡಿಸುತ್ತಾರೆ. ಒಮ್ಮೆ ಅದು ಅವರದೇ ಬೂಟಿನೊಳಗೆ ಸಿಕ್ಕಿತ್ತು. ಫೋನನ್ನಂತೂ ಸದಾ ಸ್ಪೀಕರಿಗೆ ಹಾಕಿಯೇ ಮಾತು, ತಾವು ಮರೆತದ್ದನ್ನು ನಮ್ಮಲ್ಲೊಬ್ಬನಾದರೂ ನೆನಪಿಟ್ಟುಕೊಳ್ಳಲಿ ಎಂದು. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಒಂದು ಬೆಳಗ್ಗೆ ನಾನು ಬೇಗ ಬಂದು ನೋಡಿದರೆ, ಖಾಲಿ ಕೋಣೆಯಲ್ಲಿ ಮೇಷ್ಟ್ರು ತಾವೇ ಆ ವಿಆರ್ ತೊಟ್ಟು, ಎರಡೇ ಎರಡು ಕಿಟಕಿಗಳ ಬಣ್ಣ ಹೇಳಲು ಬೆವರುತ್ತಿದ್ದರು. ಹಿಂದೊಮ್ಮೆ ಸ್ಫೋಟದಲ್ಲಿ ತಲೆಗೆ ಪೆಟ್ಟು ಬಿದ್ದಾಗಿನಿಂದ ಈ ಮರೆವು, ಅಂದಿನಿಂದ ದಿನವೂ ಈ ಅಭ್ಯಾಸ ಎಂದು ಆಮೇಲೆ ತಿಳಿಯಿತು. ನಿನ್ನೆ ಅವರ ಹೆಂಡತಿಯ ಫೋನು ಬಂತು. "ಬೆಳಗ್ಗೆ ತರೋಕೆ ಹೇಳಿದ್ದನ್ನ ಚೀಟೀಲಿ ಬರ್ಕೊಂಡ್ರಾ?" "ಚೀಟಿ ಯಾಕೆ? ಸೋಪು, ಸೂಜಿ, ಬಲ್ಬು, ಸಕ್ಕರೆ." ಆ ಕಡೆ ಅವರು, "ಸಕ್ಕರೆ, ಬಲ್ಬು, ಸೂಜಿ, ಸೋಪು" ಎಂದು ಎಣಿಸಿಕೊಂಡರು. ಆಮೇಲೆ ನಮಗೆಲ್ಲ ಕೇಳಿಸಿತು: "ಪೂರ್ತಿ ಉಲ್ಟಾ ಹೇಳಿದ್ರಿ ಕಣ್ರೀ. ಆದ್ರೆ ಒಂದೂ ಬಿಟ್ಟಿಲ್ಲ."