ಯಾರೂ ಕೊಯ್ಯದ ಜೋಳ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಬೆಳಗಾಗುತ್ತಿದ್ದುದು ಅಕ್ಕ ರೊಟ್ಟಿ ಬಡಿಯುವ ಸದ್ದಿನಿಂದ. ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಆ ಸದ್ದು ಬೇಗ ನಿಲ್ಲುತ್ತಿತ್ತು. ಹಿಟ್ಟು ಅಷ್ಟೇ ಇರುತ್ತಿತ್ತು. ಸಿಸ್ಟರ್‌ಗಳ ವಸತಿ ಶಾಲೆಯಿಂದ ರಜೆಗೆಂದು ನಮ್ಮೂರು ಭಾತಂಬ್ರಾಕ್ಕೆ ಬಂದಿದ್ದ ನಾನು ಅವತ್ತೂ ಅವಳ ಪಕ್ಕ ಕೂತಿದ್ದೆ. ತನ್ನ ರೊಟ್ಟಿಯನ್ನು ಮಾತ್ರ ಅವಳು ಬೆಳಕು ಕಾಣುವಷ್ಟು ತೆಳ್ಳಗೆ ಬಡಿದಳು.

ಅವ್ವನ ಔಷಧಕ್ಕೆಂದು ಅಪ್ಪ ನಮಗಿದ್ದ ಒಂದೇ ಹೊಲವನ್ನು, ಜೋಳ ಬಿತ್ತಿದ ಮೇಲೆ, ತಮ್ಮ ಗೆಳೆಯ, ಹಲಬರ್ಗಾದ ಚಾಚಾನ ಹತ್ತಿರ ಗಿರವಿ ಇಟ್ಟಿದ್ದರು. ಗಿರವಿ ಹಿಡಿದವರೇ ಬೆಳೆ ಉಣ್ಣುವುದು ನಮ್ಮ ಕಡೆಯ ರೂಢಿ. ಕೈಬಿಟ್ಟ ಬೆಳೆ ಕಣ್ಣಿಗೆ ಬೀಳದಿರಲೆಂದು ಅಪ್ಪ ಆ ದಾರಿಯನ್ನೇ ತುಳಿಯದೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು.

ಬಿಸಿಲೇರಿದಾಗ ಅವ್ವನನ್ನು ಮಾತಾಡಿಸಲು ಚಾಚಾ ಸೈಕಲ್ ಮೇಲೆ ಬಂದರು. ಅಕ್ಕ ಮುಂದಿಟ್ಟ ತಾಟು ನೋಡಿ ನಕ್ಕರು. “ಏನ್ ಭಾಯಿ, ಅಷ್ಟು ಜ್ವಾಳ ಬೆಳದು ಅರ್ಧ ರೊಟ್ಟಿ ಹಾಕ್ತೀರಿ? ಭಾಳ ಜಿಪುಣ ಆದ್ರಿ.”

“ಜ್ವಾಳ ಈಗ ನಿಮ್ದ ಅದಲ್ರಿ,” ಎಂದರು ಅಪ್ಪ.

ಚಾಚಾನ ಕೈ ತಾಟಿನ ಮೇಲೇ ನಿಂತಿತು. “ಹೊಲ ನನ್ನ ಹತ್ರ ಅಮಾನತ್ ಅದರಿ, ನಂಬಿ ಇಟ್ಟ ಒಡವಿ ಇದ್ದಂಗ. ಕೊಟ್ಟ ರೊಕ್ಕ ಬರೋದಿದ್ದಾಗ ಫಸಲೂ ಉಂಡ್ರ ಅದು ಬಡ್ಡಿ ಉಂಡಂಗ. ನಮ್ಮ ದೀನ್‌ನಾಗ, ಧರ್ಮದಾಗ, ಹರಾಮ್. ನೀವ ಕೊಯ್ದಿರ್ತೀರಿ ಅಂದ್ಕೊಂಡು ನಾ ಈ ಕಡಿ ಬರ್ಲೇ ಇಲ್ಲ.”

“ಗಿರವಿ ಹೊಲಕ್ಕ ನಾ ಹ್ಯಾಂಗ ಕುಡುಗೋಲು ಹಚ್ಚಲಿರಿ?”

ಇಬ್ಬರೂ ಎದ್ದು ನಡೆದರು. ನಾನೂ ಹಿಂದೆ ಹೋದೆ. ಜೋಳ ಆಳೆತ್ತರ ನಿಂತೇ ಇತ್ತು, ಬೂದಿಯ ಬಣ್ಣಕ್ಕೆ ತಿರುಗಿ. ಗಾಳಿಗೆ ಒಳಗೆ ಯಾರೋ ನಡೆದಾಡಿದಂತೆ ಸರಬರ ಸದ್ದು. “ಯಾರದು?” ಎಂದು ಅಪ್ಪ ಕೂಗಿದರು. ಯಾರೂ ಇರಲಿಲ್ಲ. ಚಾಚಾ ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿದರು. ಹೊಟ್ಟು ಹಾರಿತು, ಕೈ ಬರಿದಾಗಿತ್ತು. ನಮ್ಮ ವರ್ಷದ ರೊಟ್ಟಿ ಅದು. ಆ ಸದ್ದು ಈಗಲೂ ಒಮ್ಮೊಮ್ಮೆ ಫ್ಯಾನಿನ ಗಾಳಿಯಲ್ಲಿ ಕೇಳಿಸುತ್ತದೆ.

ಮಕ್ಕಳೇ, ನೀವು ಏನೇ ಅನುಮಾನ ಬಂದರೂ ಫೋನೆತ್ತಿ ಕೇಳಿಬಿಡುತ್ತೀರಿ. ಇಂಥದ್ದನ್ನು ಕೇಳಿದರೆ ಎದುರಿನವರ ಮರ್ಯಾದೆ ಹೋದೀತೆಂದು ಅವರಿಬ್ಬರೂ ಬೆಳೆಗಾಲವಿಡೀ ಸುಮ್ಮನಿದ್ದರು.

ಆ ಸಂಜೆ ಪಕ್ಕದ ಮನೆಯ ಕಾಕಿ, ಏನೂ ಗೊತ್ತಿಲ್ಲದೆ, ಗೋಡೆಯ ಆಚೆಯಿಂದ ಅಕ್ಕನಿಗೆ ಹೇಳಿದಳು: “ಈ ವರ್ಷ ಗುಬ್ಬಿ ಹ್ಯಾಂಗ ದುಂಡಗಾಗ್ಯಾವ ನೋಡವ್ವಾ. ಯಾರೋ ಪುಣ್ಯವಂತ್ರು ಚಲೋ ಉಣಿಸ್ಯಾರ.”