ಹಿಡಿಯುವ ಠರಾವು

ಪಂಚಾಯಿತಿ ಸದಸ್ಯರು ಅಂದು ನಿಜವಾಗಿಯೂ ಸೀಟಿ ಊದಿದರೋ, ಆ ಸೀಟಿಯನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ, ಈಗ ಖಾತ್ರಿಯಿಲ್ಲ. ಈ ಸಂಗತಿಯನ್ನು ಹಲವು ಸಲ ಹೇಳಿದ್ದೇನೆ. ಪ್ರತಿ ಸಲವೂ ಅವರ ಮೀಸೆ ಸ್ವಲ್ಪ ಬೆಳೆದಿದೆ.

ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ಒಂದು ಊರು, ಹೆಸರು ಬೇಡ. ಬಸ್ಸು ಬರಲಿಲ್ಲ. ದ್ರಾಕ್ಷಿ ಹೇರಿಕೊಂಡು ವಿಜಯಪುರದ ಗಾಂಧಿ ಚೌಕಕ್ಕೆ ಹೊರಟಿದ್ದ ಪರಿಚಯದ ಚಾಚಾನ ಮೂರು ಗಾಲಿಯ ಟಂಟಂಗೆ ಕೈ ಮಾಡಿದೆ. ಅವರು ನಿಲ್ಲಿಸಿದ್ದೇ ತಡ, ಸದಸ್ಯರು ಬಂದು ಹಸಿರು ದಾರದ ಚಾವಿ ಕಿತ್ತುಕೊಂಡರು.

"ಗಾಡಿ ನಿಲ್ಲಸಬಾರದಂತ ಬೋರ್ಡ್ ಹಾಕೇವಿ, ಕಾಣಲ್ಲೇನಲೇ?"

"ಬೋರ್ಡಿನ ಮ್ಯಾಲ ನಿಮ್ಮ ಹುಟ್ಟುಹಬ್ಬದ ಬ್ಯಾನರ್ ಐತ್ರಿ ಸಾಹೇಬ್ರ. ನಿಮ್ಮ ಮಾರಿ ಅಷ್ಟ ಕಾಣತೈತಿ," ಎಂದರು ಚಾಚಾ.

ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಇಂಥ ಗಳಿಗೆ ಹಬ್ಬ. ವಾಹನ ಹಿಡಿಯುವ ಅಧಿಕಾರ ಪಂಚಾಯಿತಿಗೆ ಎಲ್ಲಿಂದ ಬಂತೆಂದು ಕೇಳಿದೆ.

"ಕಸಾ ನಾವ ಹೊಡಸ್ತೇವಿ, ಲೈಟ್ ನಾವ ಹಾಕಸ್ತೇವಿ. ಗಾಡಿ ಹಿಡಿಯಾಕ ನಿಮ್ಮಪ್ಪ ಬರ್ತಾನೇನು?"

ಅವರು ಬೆರಳು ತೋರಿದ ದೀಪದ ಕಂಬದಲ್ಲಿ ಬಲ್ಬು ಇರಲಿಲ್ಲ. ಇದು ಮಾತ್ರ ಚೆನ್ನಾಗಿ ನೆನಪಿದೆ.

ಕ್ರೇಟುಗಳ ಮೇಲೆ ಬಿಸಿಲು ಏರುತ್ತಿತ್ತು. ಹಣ್ಣು ಮೆತ್ತಗಾದರೆ ಚೌಕದಲ್ಲಿ ಯಾರೂ ಮುಟ್ಟುವುದಿಲ್ಲ. ನಾನು ಪೊಲೀಸ್ ಚೌಕಿಗೆ ಓಡಿದೆ. ಅಲ್ಲಿನ ಪೇದೆ ಶಾಂತವಾಗಿ ವಿವರಿಸಿದ: "ರಸ್ತೆ ನಮ್ಮದು ಖರೇರಿ. ಆದ್ರ ಚಾವಿ ನಾವು ಕಸ್ಗೊಂಡಿಲ್ಲಲ್ಲ? ಕಸ್ಗೊಂಡವ್ರ ಕೊಡಬೇಕು."

ಮರಳಿ ಸದಸ್ಯರ ಬಳಿ ಬಂದೆ.

"ಹಿಡಿಯೋ ಠರಾವು ಪಾಸಾಗೇತಿ. ಬಿಡೋ ಠರಾವು ಆಗಿಲ್ಲ. ಮುಂದಿನ ಮೀಟಿಂಗ್‌ನ್ಯಾಗ ಇಡೋಣ," ಎಂದರು.

"ಅಲ್ಲೀತನಕ ಇವು ಮಣೂಕ ಆಗ್ತಾವ್ರೀ," ಎಂದರು ಚಾಚಾ.

"ಆಗಲಿ ಬಿಡು. ಒಣದ್ರಾಕ್ಷಿಗೇ ರೇಟ್ ಚಲೋ ಐತಿ!"

ಇಷ್ಟು ಹೇಳಿ ಸದಸ್ಯರು ಚಾವಿಯನ್ನು ಕಚೇರಿಯಲ್ಲಿಟ್ಟು ಊಟಕ್ಕೆ ಹೋದರು. ನಾನು ಸಂವಿಧಾನದ ಯಾವುದೋ ತಿದ್ದುಪಡಿಯನ್ನು ಚಾಚಾಗೆ ವಿವರಿಸುತ್ತಿದ್ದೆ. ಅವರು ರಸ್ತೆಯ ತಿರುವನ್ನೇ ನೋಡುತ್ತಿದ್ದರು. ಸದಸ್ಯರ ಬೈಕು ಮರೆಯಾದ ಕೂಡಲೇ ಕೈ ಚಾಚಿದರು.

"ಸರ, ನಿಮ್ಮ ಮನಿ ಚಾವಿ ಕೊಡ್ರಿ."

ಕೊಟ್ಟೆ. ಅದನ್ನು ತೂರಿಸಿ ತಿರುವಿದರು. ಟಂಟಂ ಚಾಲೂ ಆಯಿತು.

"ಚಾವಿ ಹಾಕೋ ತೂತ ಸವದು ಹೋಗೈತ್ರಿ. ಚಮಚಾ ಹಾಕಿದ್ರೂ ನಡೀತೈತಿ."

"ಮದಲ ಯಾಕ ಹೇಳಲಿಲ್ಲ ಚಾಚಾ?"

"ಅವ್ರ ಎದುರಿಗೆ ಚಾಲೂ ಮಾಡಿದ್ರ ಗಾಡೀನ ಒಳಗ ಹಾಕತಿದ್ರು. ಚಾವಿ ಸಿಕ್ಕೈತಿ, ಅಧಿಕಾರ ಉಳೀತು ಅಂತ ಆರಾಮ ಉಂಡ್ ಬರಲಿ. ಹತ್ರೀ, ಹಣ್ಣ ಕಾಯ್ತಾವೇನು?"

ಗಾಂಧಿ ಚೌಕದ ಸಂದಿಗಳಲ್ಲಿ ಆಟೋಗಳ ನಡುವೆ ನುಗ್ಗಿ ಹಣ್ಣು ಇಳಿಸಿದೆವು. ಎಲ್ಲವೂ ಗಟ್ಟಿಯಾಗಿಯೇ ಇದ್ದವು ಎಂದು ನಾನು ಹೇಳುತ್ತೇನೆ. ಕೆಳಗಿನ ಕ್ರೇಟುಗಳು ಕೆಟ್ಟುಹೋಗಿದ್ದವು ಎನ್ನುತ್ತಾರೆ ಚಾಚಾ. ಅವರೇ ಸರಿ ಇರಬಹುದು. ಮನೆ ಚಾವಿಯ ಬದಲು ಸೈಕಲ್ಲಿನದನ್ನು ಕೊಟ್ಟಿದ್ದೆನೇನೋ ಎಂಬ ಅನುಮಾನವೂ ಇದೆ.

ಕಳೆದ ತಿಂಗಳು ಬೇರೆ ಕೆಲಸಕ್ಕೆ ಆ ಕಚೇರಿಗೆ ಹೋದಾಗ ಒಂದನ್ನು ಮಾತ್ರ ಕಣ್ಣಾರೆ ನೋಡಿ ಬಂದೆ. ಬಾಗಿಲ ಹಿಂದಿನ ಮೊಳೆಯಲ್ಲಿ, ಚಾಚಾ ಕಟ್ಟಿದ್ದ ಹಸಿರು ದಾರದ ಸಮೇತ, ಟಂಟಂನ ಚಾವಿ ಇನ್ನೂ ತೂಗುತ್ತಿದೆ.