ಹೊಸ್ತಿಲಾಚೆ ಕೂತ ಸಿಸ್ಟರ್

ಆ ಗುರುವಾರವೂ ಸುಜಾತಾ ಸಿಸ್ಟರ್ ತಿಕೋಟಾದ ನಮ್ಮ ಮನೆಗೆ ಬಂದು, ಚಪ್ಪಲಿಯನ್ನು ನೆಲಕ್ಕೆ ಟಪಟಪ ಬಡಿದು, ಹೊಸ್ತಿಲಾಚೆಯೇ ನಿಂತು ಕೇಳಿದರು.

"ಭಾಗ್ಯಾ, ನಾ ಸುಜಾತಾ ಬಂದೇನಿ. ಒಳಗ ಬರ್ಲೇನವಾ?"

ನನ್ನ ಮಗಳು ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತದೆಯೇ "ಬಾ" ಎಂದಳು. ಸಿಸ್ಟರ್ ಒಳಗೆ ಬಂದರು, ಚಹಾ ಕುಡಿದರು, ಅವಳು ಕೊಟ್ಟ ಒಂದು ಹಿಡಿ ಶೇಂಗಾ ಚೀಲಕ್ಕೆ ಹಾಕಿಕೊಂಡು ವಿಜಯಪುರದ ಬಸ್ಸಿಗೆ ಹೋದರು. ಮರೆತುಹೋಗಬಹುದಾದಂಥ ದಿನ. ಅದೇ ಕೊನೆಯದು.

ಆ ಒಂದು "ಬಾ"ಗಾಗಿ ನಾವು ಬಹಳ ಕಾದಿದ್ದೆವು.

ನನ್ನ ಹೆಂಡತಿ ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆಗೆ ರಜೆ ಇದ್ದರೆ ಭಾಗ್ಯಳೂ ಜೊತೆಗೆ. ಒಂದು ಸಂಜೆ ಬಿರುಗಾಳಿಗೆ ಶೆಡ್ಡು ಕುಸಿಯಿತು. ಹೆಂಡತಿ ಉಳಿಯಲಿಲ್ಲ. ಮಗಳ ಮೈಮೇಲೆ ಗಾಯವಿರಲಿಲ್ಲ. ಅವ್ವನ ಸೆರಗು ಹಿಡಿದು ಕೂತಿದ್ದಳಂತೆ. ಓಡಿಬಂದವರು ಅವಸರದಲ್ಲಿ ಹಿಂದಿನಿಂದ ಅವಳ ಬೆರಳು ಬಿಡಿಸಿ ಹೆಣವನ್ನು ಎತ್ತಿಕೊಂಡು ಹೋದರು. ಅಂದಿನಿಂದ ಅವಳ ಮಾತು ನಿಂತಿತು. ಯಾರು ಹತ್ತಿರ ಬಂದರೂ ಗೋಡೆಗೆ ಮುಖ ಹಚ್ಚಿ ಚೀರುತ್ತಿದ್ದಳು. ನಾನು ಬಂದರೂ.

ವಿಜಯಪುರದಲ್ಲಿ ಮಾನಸಿಕ ರೋಗದ ವಾರ್ಡಿಗೆ ಕರೆದುಕೊಂಡು ಹೋದೆ. ಸುಜಾತಾ ಅಲ್ಲಿನ ನರ್ಸ್. ನಡುವಯಸ್ಸು, ಗಟ್ಟಿ ದನಿ. ಬೇರೆ ಸಿಸ್ಟರ್‌ಗಳು ಸದ್ದಾಗದ ಚಪ್ಪಲಿ ಮೆಟ್ಟಿ ಓಡಾಡುತ್ತಿದ್ದರೆ ಇವರದು ಮಾತ್ರ ವರಾಂಡದ ತುದಿಯಿಂದಲೇ ಕೇಳಿಸುತ್ತಿತ್ತು. ಮೇಲಿನವರು ಗದರಿದರೆ, "ಹಾವು ಬಂದಂಗ ಸಪ್ಪಳಿಲ್ಲದ ಬಂದ್ರ ಹುಡುಗೂರು ಅಂಜತಾವ್ರಿ, ಮೇಡಂ" ಎನ್ನುತ್ತಿದ್ದರು. ಯಾವ ಮಗುವಿನ ಬಳಿಯೂ ಬೆನ್ನ ಹಿಂದಿನಿಂದ ಹೋಗುತ್ತಿರಲಿಲ್ಲ. ಎರಡೂ ಅಂಗೈ ತೋರಿಸಿ, ಎದುರಿಗೆ ಕೂತು, "ಕೈ ಹಿಡೀಲೇನ? ಬ್ಯಾಡಾ? ಆತು ಬಿಡು" ಎನ್ನುವರು. ಅಲ್ಲಿಯ ಒಬ್ಬ ಹುಡುಗ ಅವರ ಕೈ ಕಚ್ಚಿ ರಕ್ತ ಬರಿಸಿದ್ದ. ಮರುದಿನ ಅದೇ ಕೈ ಮುಂದೆ ಮಾಡಿ ಅವನನ್ನೂ ಕೇಳಿದರು.

ಮಗಳನ್ನು ಮನೆಗೆ ಕರೆತಂದ ಮೇಲೆ, ಆಸ್ಪತ್ರೆಯ ಗಾಡಿ ತಿಕೋಟಾಕ್ಕೆ ಬರುವ ಗುರುವಾರಗಳಂದು, ಸಿಸ್ಟರ್ ಕೆಲಸ ಮುಗಿಸಿ ನಮ್ಮಲ್ಲಿಗೂ ಬರತೊಡಗಿದರು. ಬಾಗಿಲ ಕೋಣೆಯಲ್ಲೇ ಭಾಗ್ಯ ಇರುತ್ತಿದ್ದಳು. ಒಳಗೆ ಬರಲೇ ಎಂದರೆ ಅವಳು ಉತ್ತರ ಕೊಡುತ್ತಿರಲಿಲ್ಲ; ಸಿಸ್ಟರ್ ಹೊರಗೆ ಕಟ್ಟೆಯ ಮೇಲೆ ಕೂತುಬಿಡುವರು.

"ಬರ್ರಿ ಸಿಸ್ಟರ್, ನಾ ಹೇಳಾಕತ್ತೇನಲ್ರಿ" ಎಂದೆ ಒಮ್ಮೆ.

"ಮನಿ ನಿಮ್ದರಿ ಅಣ್ಣಾರ. ಆದ್ರ ಆಕೀನ್ನ ಕೇಳಲಾರ್ದ ಬಂದು ಆಕಿ ಅವ್ವನ್ನ ಒಯ್ದಾರ. ಇನ್ನ ಯಾರರ ಬಂದ್ರ ಕೇಳೇ ಬರಬೇಕು."

ಓಣಿಯ ಕಣ್ಣಿಗೆ ಕಂಡದ್ದು ಬೇರೆ. ಸಿಸ್ಟರ್ ಬಬಲೇಶ್ವರದವರು, ಬೌದ್ಧರಾದ ದಲಿತರ ಮನೆಯವರು. ಅವರ ತಾಯಿಯ ಕಾಲದಲ್ಲಿ ಅವರನ್ನು ನಮ್ಮಂಥವರು ಒಳಗೆ ಕರೆಯುತ್ತಿರಲಿಲ್ಲ. ನಲ್ಲಿಯ ಹತ್ತಿರ ಒಬ್ಬಳು, "ನೋಡವಾ, ಕಲ್ತ ನರ್ಸಬಾಯಿನ್ನೂ ಹೊರಗ ಕುಂದರ್ಸ್ಯಾರ" ಎಂದಳು. ಸಿಸ್ಟರ್‌ಗೂ ಕೇಳಿಸಿತು. ನನಗೆ ನೆಲದೊಳಗೆ ಇಳಿದಂತಾಯಿತು. ಒಳಗೆ ಬರಲು ಕೈಮುಗಿದು ಕೇಳಿದೆ.

ಅವರು ನಕ್ಕರು. "ನಮ್ಮವ್ವ ಹೊರಗ ನಿಂತಿದ್ದು ಬ್ಯಾರೆ, ನಾ ಕುಂತಿದ್ದು ಬ್ಯಾರೆ. ಆಕಿನ್ನ ಯಾರೂ ಬಾ ಅನ್ಲಿಲ್ಲ. ನಾ ಬಾ ಅನ್ನಿಸ್ಕೊಂಡೇ ಒಳಗ ಹೋಗಾಕಿ."

ಹಾಗೆ ಬೇಸಿಗೆ ಕಳೆಯಿತು. ಒಂದು ಗುರುವಾರ ಅವರಿಗೆ ನೆಗಡಿಯಾಗಿ ದನಿಯೇ ಬಿದ್ದುಹೋಗಿತ್ತು. ಚಪ್ಪಲಿ ಬಡಿದರು, ಬಾಯಿ ತೆರೆದರು, ಗಾಳಿ ಮಾತ್ರ ಹೊರಟಿತು. ಭಾಗ್ಯ ಗೋಡೆಯಿಂದ ತಿರುಗಿ ಅವರ ತುಟಿಯನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, "ಬಾ" ಎಂದಳು.

ಒಲೆಯ ಮೇಲೆ ನನ್ನ ತಾಯಿಯ ರೊಟ್ಟಿ ಹೊತ್ತಿಹೋಯಿತು. ಸಿಸ್ಟರ್ ಓಡಿಬರಲಿಲ್ಲ. "ಖರೇನ?" ಎಂದು ಪಿಸುಗುಟ್ಟಿ ಕೇಳಿದರು. ಮಗಳು ತಲೆಯಾಡಿಸಿದ ಮೇಲೆ ಬಲಗಾಲಿಟ್ಟು ಬಂದರು.

"ತಡೀಬೇ, ಅಕ್ಕಿ ಸೇರು ಇಡ್ತೇನಿ, ಒದ್ದು ಬಾ" ಎಂದು ನನ್ನ ತಾಯಿ ಅಳುತ್ತಲೇ ಚೇಷ್ಟೆ ಮಾಡಿದಳು.

"ಈ ವಯಸ್ಸಿನಾಗ ಸೊಸಿ ಆಗೂದು ಯಾರಿಗಿ ಬೇಕ್ರಿ ಯವ್ವಾ" ಎಂದರು ಸಿಸ್ಟರ್, ಇಲ್ಲದ ದನಿಯಲ್ಲಿ.

ಆಮೇಲೆ ಮಾತು ಸ್ವಲ್ಪಸ್ವಲ್ಪವಾಗಿ ಬಂತು. ಮೊದಲು ಅಜ್ಜಿಯ ಜೊತೆ, ನಂತರ ನನ್ನ ಜೊತೆ. ಶಾಲೆಗೂ ಹೋದಳು.

ಶೇಂಗಾ ಒಯ್ದ ಮರುವಾರ ಸಿಸ್ಟರ್ ಬರಲಿಲ್ಲ. ಡೆಂಗಿ ಜ್ವರ ಎಂದರು ಆಸ್ಪತ್ರೆಯ ಗಾಡಿಯವರು. ಅದರ ಮರುವಾರ ಬಂದದ್ದು ಸಾವಿನ ಸುದ್ದಿ. ಮಗಳಿಗೆ ಮುಚ್ಚಿಡಲು ಮನಸ್ಸಾಗಲಿಲ್ಲ. "ನೀನೂ ಬರ್ತೀಯೇನವಾ?" ಎಂದು ಕೇಳಿದೆ. ಹೂಂ ಎಂದಳು.

ಬಬಲೇಶ್ವರದ ಮನೆಯ ಬಾಗಿಲಲ್ಲಿ ಜನ ಸೇರಿದ್ದರು. ಒಳಗೆ ಬುದ್ಧನ ಫೋಟೋದ ಮುಂದೆ ಮೇಣದಬತ್ತಿ, ಅದರ ಕೆಳಗೆ ಬಿಳಿ ಬಟ್ಟೆಯಲ್ಲಿ ಸಿಸ್ಟರ್. ಭಾಗ್ಯ ನನ್ನ ಕೈ ಬಿಟ್ಟಳು. ಕಾಲಿನ ಚಪ್ಪಲಿಯನ್ನು ನೆಲಕ್ಕೆ ಬಡಿದಳು.

"ಸಿಸ್ಟರ್, ನಾ ಭಾಗ್ಯಾ ಬಂದೇನಿ. ಒಳಗ ಬರ್ಲೇನ?"

ಅಳುತ್ತಿದ್ದವರು ಬಾಗಿಲತ್ತ ತಿರುಗಿದರು. "ಬಾರವಾ ಒಳಗ" ಎಂದು ಯಾರೋ ಕರೆದರು. ಅವಳು ಕದಲಲಿಲ್ಲ. ಹೊಸ್ತಿಲಾಚೆ, ಸಿಸ್ಟರ್ ಬಿಟ್ಟಿದ್ದ ಚಪ್ಪಲಿಗಳ ಪಕ್ಕದಲ್ಲಿ ಕೂತಳು.

ಸಿಸ್ಟರ್ ಅವರ ಮುದಿ ತಾಯಿ ನೋಡಿದರು. ಅವರ ಮುಖ ಬಿಗಿಯಾಯಿತು. "ನಮ್ಮ ಮನಿಯೊಳಗ ಬರೂದಿಲ್ಲೇನ ತಂಗಿ?" ಎಂದರು. ಯಾವುದನ್ನು ನೆನೆದು ಹಾಗೆ ಕೇಳಿದರೆಂದು ನನಗೆ ತಿಳಿಯಿತು. ಹತ್ತಿರ ಹೋಗಿ, ಅವರ ಮಗಳು ನಮ್ಮ ಬಾಗಿಲಲ್ಲಿ ಕೂತಿದ್ದುದನ್ನೆಲ್ಲ ಹೇಳಿದೆ. ಆಕೆ ಎದ್ದು ಹೊರಗೆ ಬಂದರು. ಭಾಗ್ಯಳ ಎದುರಿಗೆ ನಿಂತು, "ನಿನ್ನ ಬಾಜೂಕ ಕುಂದರ್ಲೇನ?" ಎಂದು ಕೇಳಿದರು. ಮಗಳು ಜರುಗಿ ಜಾಗ ಕೊಟ್ಟಳು. ಸಿಸ್ಟರ್ ಅವರನ್ನು ಒಯ್ಯುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು.

ಭಾಗ್ಯಳ ಮಾತು ಹೋಗಲಿಲ್ಲ. ನಾನು ಅದಕ್ಕೇ ಹೆದರಿದ್ದೆ. ಆದರೆ ಗುರುವಾರ ಸಂಜೆ, ಓಣಿಯಲ್ಲಿ ಯಾರದೋ ಚಪ್ಪಲಿಯ ಸದ್ದಾದರೆ, ಓದುವುದನ್ನು ನಿಲ್ಲಿಸಿ ಬಾಗಿಲಿನತ್ತ ತಿರುಗಿ "ಬಾ" ಎನ್ನುತ್ತಾಳೆ.

ಹೊಸ್ತಿಲಾಚೆ ಯಾರೂ ಇರುವುದಿಲ್ಲ.